ಒಣಗಿಸಬಾರದ ಬೀಜ

ನಮ್ಮ ಓಣಿಯಲ್ಲಿ ಬೀಜ ಬೇಕಾದವರು ನಮ್ಮ ಮನೆಗೇ ಬರುತ್ತಾರೆ. ಅಮೀನಗಡದಿಂದ ಇಳಕಲ್ಲಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರು. ಹುನಗುಂದದ ಅಂಗಡಿಗಳಲ್ಲಿ ಬಣ್ಣದ ಚೀಲದ ಬೀಜ ಎಷ್ಟು ಸಿಕ್ಕರೂ ಹಿತ್ತಲಿಗೆ ಹಾಕುವ ಹೀರೆ, ಬದನೆ, ಚವಳಿ, ಹೊಲದ ಅಂಚಿಗೆ ಹಾಕುವ ಪುಂಡಿ, ಇವಕ್ಕೆಲ್ಲ ನಮ್ಮ ಮನೆಯ ಗಡಿಗೆಯೇ ಆಗಬೇಕು. ಇದರಲ್ಲಿ ನನಗೆ ಸೊಕ್ಕಿತ್ತು. ಸೊಕ್ಕು ಎಂದು ಆಗ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ.

ನಾನು ಸಾಲಿ ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಬೀಜದ ಸಾಲಿ ಮಾತ್ರ ಅತ್ತೆಯ ಹತ್ತಿರ ಪೂರಾ ಆಯಿತು. ಕಾಯಿ ಗಿಡದಲ್ಲೇ ಒಣಗಬೇಕು. ಕಿತ್ತ ಮೇಲೆ ಬಿಸಿಲಿಗೆ ಹರಡಬೇಕು, ಸಂಜೆ ಇಬ್ಬನಿಗೆ ಸಿಗದಂತೆ ಒಳಗೆ ತರಬೇಕು. ಹಲ್ಲಿನಲ್ಲಿ ಕಡಿದರೆ ಕಟ್ ಎನ್ನಬೇಕು. ಆಮೇಲೆ ಒಲೆಯ ಬೂದಿ, ಬೇವಿನ ತಪ್ಪಲು, ಗಡಿಗೆ, ಗಡಿಗೆಯ ಬಾಯಿಗೆ ಸಗಣಿ. ಹಸಿ ಬೀಜ ಕಟ್ಟಿಟ್ಟವಳನ್ನು ಅತ್ತೆ ಹೆಂಗಸೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ನಾನೂ ಹಿಡಿಯುತ್ತಿರಲಿಲ್ಲ. ಸೊಸೆ ಬಂದ ಹೊಸದರಲ್ಲಿ ಅರೆಬರೆ ಒಣಗಿದ ಹೆಸರುಕಾಳು ತುಂಬಿಟ್ಟಳೆಂದು ಒಂದು ವಾರ ಅವಳ ಜೊತೆ ಮಾತು ಬಿಟ್ಟಿದ್ದೆ.

ಮಗನ ಮಗಳು ಯೂನಿವರ್ಸಿಟಿಯಲ್ಲಿ ಕಾಡಿನ ಬಗ್ಗೆ ಓದುತ್ತಾಳೆ. ಎಂ.ಎಸ್ಸಿ. ಕಾಡಿನಲ್ಲಿ ಓದುವುದೇನಿದೆ ಎಂದು ನಾನು ಬಹಳ ಸಲ ಕೇಳಿದ್ದೇನೆ. ಹೋದ ಮುಂಗಾರಿನ ಆರಂಭದಲ್ಲಿ ಪಾಠ ಹೇಳುವ ಮೇಡಮ್ ಅವರನ್ನೆಲ್ಲ ಸಿದ್ದಾಪುರದ ಕಡೆಯ ಘಟ್ಟಕ್ಕೆ ಕರೆದುಕೊಂಡು ಹೋದರು. ಅದಕ್ಕೆ ಫೀಲ್ಡ್ ಕೋರ್ಸ್ ಎನ್ನುತ್ತಾರೆ. ಅಲ್ಲೇ ಉಳಿಯುವುದು, ಹಗಲೆಲ್ಲ ಕಾಡಿನಲ್ಲಿ ಹಗ್ಗ ಕಟ್ಟಿ ಚೌಕ ಮಾಡುವುದು, ಚೌಕದೊಳಗಿನ ಗಿಡ, ಎಲೆ, ಹುಳ ಎಲ್ಲ ನೋಡುವುದು. ಅಲ್ಲಿಂದ ಫೋನ್ ಮಾಡಿದ್ದಳು.

“ಅಜ್ಜಿ, ಇಲ್ಲೆ ಮ್ಯಾಲೆ ನೋಡಿದ್ರ ಆಕಾಶನ ಕಾಣಂಗಿಲ್ಲ.”

“ಕೆಳಗ ನೋಡ್ಕೋತ ನಡಿ ಹಂಗಾರ. ಹಾವು ಇರ್ತಾವ.”

“ಹಾವಲ್ಲ, ಜಿಗಣಿ. ಕಾಲಿಗೆ, ಕುತ್ತಿಗಿಗೆ, ಎಲ್ಲಾ ಕಡೆ.”

“ರಕ್ತ ಕುಡಸಾಕ ಅಷ್ಟ ದೂರ ಯಾಕ ಹೋಗ್ಬೇಕಿತ್ತು? ನಮ್ಮ ಹಳ್ಳದಾಗ ಸೊಳ್ಳಿ ಇಲ್ಲೇನ?”

ಅವಳು ನಕ್ಕಳು. ನಕ್ಕು, ಒಂದು ಮಾತು ಹೇಳಿದಳು. ಒಬ್ಬೊಬ್ಬರು ಒಂದೊಂದು ಮರದ ಬೀಜ ಆರಿಸಿಕೊಂಡು, ಎಷ್ಟು ನೆರಳಿನಲ್ಲಿ ಅದು ಹುಟ್ಟುತ್ತದೆ, ಎಷ್ಟು ನೆರಳಿನಲ್ಲಿ ಹುಟ್ಟುವುದಿಲ್ಲ ಎಂದು ನೋಡಬೇಕಂತೆ. ಅದೇ ಅವಳ ಕೊನೆಯ ವರ್ಷದ ಕೆಲಸ. ಯೂನಿವರ್ಸಿಟಿಯ ಗಿಡದ ಮನೆಯ ರಿಪೇರಿ ನಡೆದಿದ್ದರಿಂದ ಬೀಜ ಎಲ್ಲಿ ಇಡುವುದು ಎಂಬ ಮಾತು ಬಂದಾಗ ಇವಳು ಎದ್ದು ನಿಂತಳಂತೆ.

“ಮೇಡಮ್ ಮುಂದ ನಿನ್ನ ಬಗ್ಗೆ ಹೇಳೇನಿ. ನಮ್ಮಜ್ಜಿ ಕೈಯಾಗ ಯಾವ ಬೀಜಾನೂ ಸಾಯಂಗಿಲ್ಲರಿ, ನಮ್ಮ ಮನ್ಯಾಗ ಮಾಡ್ತೇನಿ ಅಂದೆ. ಅವರು ಹೂಂ ಅಂದ್ರು.”

ಆ ಮಾತು ಕೇಳಿ ನನಗೆ ಎಷ್ಟು ಹಿಗ್ಗಾಯಿತೆಂದರೆ, ಎದುರು ಮನೆಗೆ ಹೋಗಿ ಹೇಳಿ ಬಂದೆ. ಎದುರು ಮನೆಯವಳು ನನಗಿಂತ ಸಣ್ಣವಳು, ಮನೆಯಲ್ಲೇ ಇಳಕಲ್ ಸೀರೆಯ ಮಗ್ಗ ಇದೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಊರ ಸುದ್ದಿಯೆಲ್ಲ ಮಾತಾಡುತ್ತಾಳೆ. “ಯಕ್ಕಾ, ಇನ್ನ ನಿನಗೂ ಯೂನಿವರ್ಸಿಟಿ ಪಗಾರ ಕೊಡ್ತೈತಿ ತಗೋ” ಎಂದಳು. ನಾನು ಆ ಚೇಷ್ಟೆಯನ್ನೂ ಹೊಗಳಿಕೆಯೆಂದೇ ಇಟ್ಟುಕೊಂಡೆ.

ಹುಡುಗಿ ಮನೆಗೆ ಬಂದದ್ದು ಒಂದು ಬಿಳಿ ಥರ್ಮಾಕೋಲ್ ಡಬ್ಬಿ ಹೊತ್ತು. ಒಳಗೆ ಒದ್ದೆ ತೆಂಗಿನ ನಾರಿನ ಪುಡಿ, ಅದರ ನಡುವೆ ಬೀಜ. ಕಾಡುಜಾಯಿಕಾಯಿ ಅಂತೆ, ನಾವು ಮಸಾಲೆಗೆ ಹಾಕುವ ಜಾಯಿಕಾಯಿಯ ಬಳಗ. ದೊಡ್ಡ ಖಾರೀಕಿನಷ್ಟು, ಒಣ ಖರ್ಜೂರದಷ್ಟು ದಪ್ಪ, ಮೈಗೆ ಕೆಂಪು ಜಾಲರಿ ಸುತ್ತಿಕೊಂಡಿತ್ತು. ನೋಡಲು ಚೆಂದ. ಮುಟ್ಟಿದರೆ ಮಾತ್ರ ಹಸಿಹಸಿ, ಜಿಬಿಜಿಬಿ.

ಮರುದಿನ ಅವಳು ಬಾದಾಮಿಗೆ ಹೊರಟಳು. ಅಲ್ಲಿ ನನ್ನ ಮಗಳ ಮನೆ ಇದೆ. ಅವರ ಮನೆಯ ಹತ್ತಿರದ ನರ್ಸರಿಯಲ್ಲಿ ಸಸಿ ಹಾಕುವ ಚೀಲ, ಹಸಿರು ನೆರಳಿನ ಬಲೆ ಸಿಗುತ್ತವೆಂದು ಆ ಮಗಳು, ಹುಡುಗಿಯ ಅತ್ತೆ, ಹೇಳಿದ್ದಳು. ಹುಡುಗಿ ಹೊರಡುವಾಗ ಹೊಸ್ತಿಲಲ್ಲಿ ನಿಂತು ನನಗೆ ಹೇಳಿದಳು. ಕಿವಿ ತುಂಬ ಕೇಳಿದ್ದೇನೆ, ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ.

“ಅಜ್ಜಿ, ಡಬ್ಬಿ ನೆರಳಾಗ ಇರ್ಲಿ. ಮುಂಜಾನಿ, ಸಂಜಿಮುಂದ ಒಂಚೂರು ನೀರ ಚಿಮುಕಿಸು. ಮತ್ತೇನೂ ಮಾಡಬ್ಯಾಡ.”

“ಬೀಜಕ್ಕ ನೀರ? ಬಿತ್ತೋದಕ್ಕಿಂತ ಮೊದಲ?”

“ಇದು ಹಂಗ ಐತಿ. ನಾಳೆ ಬರ್ತೇನಿ.”

ನಾಳೆ ಬರಲಿಲ್ಲ. ಅವಳ ಅತ್ತೆ ಬಿಡಲಿಲ್ಲ, ಇನ್ನೆರಡು ದಿನ ಇರು ಎಂದು ಕೂರಿಸಿಕೊಂಡಳು. ಮಗ, ಸೊಸೆ ಹೆಸರು ಬಿತ್ತಲು ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ನೀರು ಚಿಮುಕಿಸಲು ಡಬ್ಬಿ ತೆಗೆದೆ. ಒಂದು ಥರ ಮುಗ್ಗಲು ವಾಸನೆ ಬಂತು. ಒಂದೆರಡು ಬೀಜದ ಮೇಲೆ ಬಿಳಿ ಬೂಷ್ಟು ಕಂಡಿತು. ಒಂದರ ಬುಡ ಒಡೆದು ಏನೋ ಹೊರಗೆ ಇಣುಕುತ್ತಿತ್ತು. ಕೊಳೆಯುತ್ತಿದೆ ಎಂದುಕೊಂಡೆ. ಹುಡುಗಿ ಅಷ್ಟು ದೂರದಿಂದ ಹೊತ್ತು ತಂದದ್ದು ನನ್ನ ಮನೆಯಲ್ಲಿ ಕೊಳೆತರೆ ಮೇಡಮ್ಮಿಗೆ ಏನು ಹೇಳುತ್ತಾಳೆ? ಇದು ಮನಸ್ಸಿಗೆ ಬಂದದ್ದು ಖರೆ. ಅದರ ಜೊತೆಗೇ ಇನ್ನೊಂದೂ ಬಂತು. ಓದಿದವರಿಗೆ ಗೊತ್ತಾಗದ್ದನ್ನು ನಾನು ಮಾಡಿ ತೋರಿಸಬೇಕು.

ಬೀಜವನ್ನೆಲ್ಲ ತೊಳೆದೆ. ಕೆಂಪು ಜಾಲರಿ ಕಿತ್ತು ಒಗೆದೆ. ಬೂದಿ ಹಚ್ಚಿ ಉಜ್ಜಿದೆ. ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಹರಡಿದೆ. ನಮ್ಮಲ್ಲಿ ಮಳೆ ಒಂದು ಸಲ ಬಂದು ಹೋದರೆ ಮರುದಿನದ ಬಿಸಿಲು ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಎರಡು ದಿನ ಅಂಥ ಬಿಸಿಲು ಸಿಕ್ಕಿತು. ನನ್ನ ಪುಣ್ಯ ಎಂದುಕೊಂಡೆ.

ಎದುರು ಮನೆಯವಳನ್ನು ಕರೆದು ತೋರಿಸಿದೆ. ಅವಳು ಒಂದು ಬೀಜ ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿದಳು. ಒಳಗೆ ಕಟಕಟ ಎಂದಿತು.

“ಗಿಲಕಿ ಆಗೇತಲ್ಲ ಯಕ್ಕಾ. ಮೊಮ್ಮಕ್ಕಳಿಗೆ ಆಡಾಕ ಕೊಡು.”

“ಬಾಯಿ ಮುಚ್ಚು. ಬೀಜ ಅಂದ್ರ ಹಿಂಗ ಒಣಗಬೇಕು. ಇನ್ನ ಎರಡ ವರ್ಷ ಇಟ್ರೂ ಏನೂ ಆಗಂಗಿಲ್ಲ.”

“ಹುಡುಗಿ ಮುಟ್ಟಬ್ಯಾಡ ಅಂದಿದ್ಲು ಅಂದಿ?”

“ಹುಡುಗಿಗೇನ ಗೊತ್ತೈತಿ? ಅಕಿ ಹುಟ್ಟೂದಕ್ಕಿಂತ ಮೊದ್ಲಿಂದ ಬೀಜ ಒಣಗಿಸೇನಿ ನಾ.”

ಗಡಿಗೆಗೆ ತುಂಬಿ, ಬೇವಿನ ತಪ್ಪಲು ಹಾಕಿ, ಬಾಯಿಗೆ ಸಗಣಿ ಮೆತ್ತಿ ಇಟ್ಟೆ. ಹುಡುಗಿ ಬಂದರೆ ತೋರಿಸಬೇಕೆಂದು ದಾರಿ ಕಾಯುತ್ತ ಕೂತೆ. ಇದನ್ನು ಹೇಳುವಾಗಲೂ ಮೈ ಬಿಸಿಯಾಗುತ್ತದೆ. ಸಣ್ಣ ಮಗು ಸಾಲಿಯಲ್ಲಿ ಬರೆದ ಪಾಟಿ ಹಿಡಿದು ಬಾಗಿಲಲ್ಲಿ ನಿಂತಹಾಗೆ ನಾನು ಕಟ್ಟೆಯ ಮೇಲೆ ಕೂತಿದ್ದೆ.

ಅವಳು ಬಂದಳು. ಚೀಲ, ಬಲೆ ಎಲ್ಲ ಕಟ್ಟೆಯ ಮೇಲೆ ಹಾಕಿ ನೇರ ಡಬ್ಬಿಯ ಹತ್ತಿರ ಹೋದಳು. ಖಾಲಿ ಡಬ್ಬಿ ನೋಡಿದಳು.

“ಅಜ್ಜಿ, ಬೀಜ ಎಲ್ಲೆ?”

“ಕೊಳ್ಯಾಕ ಹತ್ತಿದ್ವು. ಗಡಿಗ್ಯಾಗ ಇಟ್ಟೇನಿ. ನೋಡು, ಹೆಂಗ ಒಣಗ್ಯಾವ.”

ಸಗಣಿ ಒಡೆದು, ಒಂದು ಹಿಡಿ ತೆಗೆದು ಅವಳ ಅಂಗೈಗೆ ಹಾಕಿದೆ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಅಲುಗಾಡಿಸಿದಳು. ಕಟಕಟ ಎಂದಿತು.

“ಸತ್ತು ಹೋಗ್ಯಾವ ಅಜ್ಜಿ.”

“ಬೀಜ ಸಾಯ್ತಾವೇನ? ಬಿತ್ತಿ ನೋಡು.”

“ಬಿತ್ತಿದ್ರೂ ಹುಟ್ಟಂಗಿಲ್ಲ. ಆ ಕಾಡಿನ್ಯಾಗ ನೆಲ ಒಣಗೂದ ಇಲ್ಲ. ಬೀಜ ಬಿದ್ದ ಕೂಡ್ಲೆ ಹುಟ್ಟಬೇಕು, ಕಾಯೂದು ಅದಕ್ಕ ಗೊತ್ತಿಲ್ಲ. ನಮ್ಮ ಜ್ವಾಳ ಒಣಗಿ ಮಕ್ಕೊಂತಾವ, ಮಳಿ ಬಂದಾಗ ಏಳ್ತಾವ. ಇವು ಮಕ್ಕೊಳ್ಳೂದಿಲ್ಲ. ಒಣಗಿದ್ವು ಅಂದ್ರ ಸತ್ವು.”

ಆಗಲಾದರೂ ಸುಮ್ಮನಿರಬೇಕಿತ್ತು. ಇರಲಿಲ್ಲ. ಬೂಷ್ಟು ಬಂದಿತ್ತು, ವಾಸನೆ ಬಂದಿತ್ತು, ನಾನಿಲ್ಲದಿದ್ದರೆ ಪೂರಾ ಕೊಳೆಯುತ್ತಿದ್ದವು ಎಂದು ದನಿ ಎತ್ತಿ ಹೇಳಿದೆ. ಒಂದರ ಬುಡದಲ್ಲಿ ಇಣುಕುತ್ತಿದ್ದದ್ದು ಏನೆಂದು ಅವಳು ಕೇಳಿದಳು. ಹೇಳಿದೆ. “ಅದು ಬೇರು ಅಜ್ಜಿ, ಹುಟ್ಟಾಕ ಹತ್ತಿತ್ತು” ಎಂದಳು. ನಾನು ಅದಕ್ಕೂ ಉತ್ತರ ಕೊಟ್ಟೆ. ಇಷ್ಟು ನಾಜೂಕಿನ ಬೀಜ ತರಬಾರದಿತ್ತು, ನಿಮ್ಮ ಮೇಡಮ್ಮಿಗೆ ಬುದ್ಧಿ ಇಲ್ಲ ಎಂದೆ. ಅವಳು ಅಂಗೈಯ ಬೀಜವನ್ನು ಮತ್ತೆ ಗಡಿಗೆಗೆ ಹಾಕಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸಂಜೆಯ ಹೊತ್ತಿಗೆ ಅವಳು ಮೇಡಮ್ಮಿಗೆ ಫೋನ್ ಮಾಡಿದಳು. ಅವಳ ಫೋನು ಬಿದ್ದು ಕೆಟ್ಟಿತ್ತು, ಸ್ಪೀಕರಿಗೆ ಹಾಕದೆ ಕೇಳಿಸುತ್ತಿರಲಿಲ್ಲ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಿದೆ.

“ಮೇಡಮ್, ಬೀಜ ಹೋದ್ವು. ನಾನ ತಪ್ಪ ಮಾಡಿದೆ. ಬೂಷ್ಟು ಬಂತು ಅಂತ ಬಿಸಲಾಗ ಇಟ್ಟೆ.”

ಆ ಕಡೆಯಿಂದ ಮೇಡಮ್ಮಿನ ದನಿ ಬಂತು.

“ಕ್ಲಾಸಿನ್ಯಾಗ ಅಷ್ಟ ಸಲ ಹೇಳೇನಲ್ಲ? ಹೋಗ್ಲಿ, ನಿಮ್ಮಜ್ಜಿ ಇದ್ರಲ್ಲ ಮನ್ಯಾಗ? ಒಂದ ಮಾತ ಅವರನ್ನ ಕೇಳಿದ್ರ ಇಷ್ಟ ಆಗ್ತಿರ್ಲಿಲ್ಲ ನೋಡು.”

“ಹೌದ್ರಿ ಮೇಡಮ್” ಎಂದಳು ನನ್ನ ಮೊಮ್ಮಗಳು.

ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾಯಿತು.

ಮೇಡಮ್ ಮುಂದೆ ಹೇಳಿದ್ದು ಇಷ್ಟು. ಹಣ್ಣು ಉದುರುವ ಕಾಲ ಮುಗಿಯುತ್ತ ಬಂದಿದೆ. ಅವರೀಗ ಸಣ್ಣ ಕ್ಲಾಸಿನ ಹುಡುಗರನ್ನು ಕರೆದುಕೊಂಡು ಅದೇ ಕಾಡಿಗೆ ಹೊರಟಿದ್ದಾರೆ. ಇವಳು ಅಲ್ಲಿಗೆ ಬಂದು, ಉಳಿದದ್ದೇನಾದರೂ ಸಿಕ್ಕರೆ ಆರಿಸಿಕೊಳ್ಳಬಹುದು. ಸಿಗದಿದ್ದರೆ ಈ ಕೆಲಸ ಈ ವರ್ಷ ಆಗುವುದಿಲ್ಲ. ಜೊತೆಯವರೆಲ್ಲ ಪಾಸಾಗಿ ಹೋದ ಮೇಲೆ ಇವಳು ಬೇರೆ ವಿಷಯ ಹಿಡಿದು ಮತ್ತೆ ಒಂದು ವರ್ಷ ಕೂರಬೇಕು.

ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

“ಸುಳ್ಳ ಯಾಕ ಹೇಳಿದಿ?”

“ಮತ್ತೇನ ಹೇಳ್ಲಿ? ನಿನ್ನ ಅಷ್ಟ ಹೊಗಳೇನಿ ಅವರ ಮುಂದ.”

ಅವಳು ನನ್ನನ್ನು ಉಳಿಸಲು ಹಾಗೆ ಹೇಳಿದಳೋ, ನನ್ನಂಥವಳನ್ನು ಹೊಗಳಿದ್ದಕ್ಕೆ ತನಗೇ ನಾಚಿಕೆಯಾಗಿ ಹಾಗೆ ಹೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಲ್ಲ. “ನಾನೂ ಬರ್ತೇನಿ ಕಾಡಿಗೆ” ಎಂದೆ. “ಯಾಕ?” ಎಂದಳು. “ಸುಮ್ಮ ಕರಕೊಂಡ ಹೋಗು” ಎಂದೆ. ಒಣಗಿದ ಬೀಜವನ್ನು ಒಂದು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡೆ. ಅವರ ವಸ್ತು, ಸತ್ತಿದ್ದರೂ ಅವರಿಗೇ ತಿರುಗಿ ಕೊಡಬೇಕಲ್ಲ.

ಬಾಗಲಕೋಟೆ, ಹುಬ್ಬಳ್ಳಿ, ಆಮೇಲೆ ಘಟ್ಟದ ಬಸ್ಸು. ದಾರಿಯಲ್ಲಿ ಹಸಿರು ದಟ್ಟವಾಗುತ್ತ ಹೋದಹಾಗೆ ನನ್ನ ಮಾತು ಕಡಿಮೆಯಾಗುತ್ತ ಹೋಯಿತು. ಕಾಡಿನೊಳಗೆ ಕಾಲಿಟ್ಟಾಗ ಗೊತ್ತಾಯಿತು, ನಾನು ಏನು ಮಾಡಿದ್ದೆನೆಂದು. ಮಧ್ಯಾಹ್ನವಾದರೂ ಅಲ್ಲಿ ಕತ್ತಲೆಯಂಥ ನೆರಳು. ನೆಲದ ತುಂಬ ಎಲೆ, ಎಲೆಯ ಕೆಳಗೆ ಕೊಳೆತ ಎಲೆ, ಅದರ ಕೆಳಗೆ ನೀರು. ಕಾಡುಜಾಯಿಕಾಯಿಯ ಮರಗಳು ಕೆಸರಿನಲ್ಲಿ ನಿಂತಿದ್ದವು. ಅವುಗಳ ಬೇರು ಮಡಚಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆ ಎದ್ದಿತ್ತು. ಉಸಿರಾಡಲು ಹಾಗೆ ಎದ್ದಿರುತ್ತವೆಂದು ಹುಡುಗಿ ಹೇಳಿದಳು. ನನ್ನ ಸೀರೆ ಮೈಗೆ ಅಂಟಿತು. ಅಲ್ಲಿ ಒಂದು ಧೋತರ ಒಣಹಾಕಿದರೂ ಒಣಗುವುದಿಲ್ಲ. ಅಂಥಲ್ಲಿ ಹುಟ್ಟಿದ್ದನ್ನು ನಾನು ನಮ್ಮ ಮಾಳಿಗೆಯ ಮೇಲೆ ಹಾಕಿದ್ದೆ.

ಮೇಡಮ್ ಗಟ್ಟಿ ಹೆಂಗಸು. ಮೊಣಕಾಲಿನವರೆಗೆ ಬೂಟು, ತಲೆಗೆ ಟವೆಲ್ಲು. ಹುಡುಗ ಹುಡುಗಿಯರು ಸುತ್ತ ಹಗ್ಗ ಕಟ್ಟುತ್ತಿದ್ದರು. ನನ್ನನ್ನು ಕಂಡು ಮೇಡಮ್ಮಿನ ಮುಖ ಅರಳಿತು.

“ಬರ್ರಿ ಅಮ್ಮಾ, ಬರ್ರಿ. ನಿಮ್ಮ ಬಗ್ಗೆ ಭಾಳ ಕೇಳೇನಿ. ಈಕಿ ಮಾಡಿದ್ದು ನೋಡಿದ್ರಲ್ಲ?”

“ಅಕಿ ಮಾಡಿಲ್ಲರಿ. ನಾ ಮಾಡೇನಿ” ಎಂದು ಗಂಟು ಬಿಚ್ಚಿದೆ. “ಅಕಿ ಮುಟ್ಟಬ್ಯಾಡ ಅಂತ ಹೇಳಿ ಹೋಗಿದ್ಲು.”

ಮೇಡಮ್ ನನ್ನ ಮುಖ ನೋಡಿದರು, ಹುಡುಗಿಯ ಮುಖ ನೋಡಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಒಂದು ಬೀಜ ಎತ್ತಿ, ಜೇಬಿನಿಂದ ಚಾಕು ತೆಗೆದು ಸೀಳಿದರು. ಒಳಗೆ ತಿರುಳು ಕುಗ್ಗಿ, ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆಯಿಂದ ಬಿಟ್ಟುಕೊಂಡಿತ್ತು. ಕೆಸರಿನಿಂದ ಒಂದು ಹಸಿ ಬೀಜ ಆರಿಸಿ ಅದನ್ನೂ ಸೀಳಿದರು. ತುಂಬಿ ನಿಂತ ಒದ್ದೆ ತಿರುಳು. ಎರಡನ್ನೂ ಅಂಗೈಯಲ್ಲಿ ಹಿಡಿದು, “ಎಲ್ಲಾರೂ ಬರ್ರಿ ಇಲ್ಲೆ” ಎಂದು ಹುಡುಗರನ್ನು ಕರೆದರು. ಪಾಠ ಶುರುವಾಯಿತು.

ಅವರು ನನ್ನನ್ನು ಹೀಯಾಳಿಸಲಿಲ್ಲ. ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಬಯಲುಸೀಮೆಯ ಬೀಜಕ್ಕೆ ಈ ಅಮ್ಮ ಮಾಡಿದ್ದು ಪೂರ್ತಿ ಸರಿ, ಈ ಕಾಡಿನ ಬೀಜಕ್ಕೆ ಅದೇ ಮರಣ ಎಂದು ಹೇಳಿದರು. ಆದರೂ ಅಷ್ಟು ಮಂದಿಯ ನಡುವೆ ನಿಂತಾಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಾಯಿ ಬಿಡುವುದಕ್ಕೆ ಅದು ಬಿಸಿಲಿಗೆ ಬಿರಿಯುವ ನಮ್ಮ ಎರೆ ಹೊಲವಲ್ಲ. ಕನ್ನಡಕದ ಹುಡುಗಿಯೊಬ್ಬಳು ಬರೆದುಕೊಳ್ಳುತ್ತ ಕೇಳಿದಳು.

“ಅಜ್ಜಿ, ಎಷ್ಟ ದಿನ ಒಣಗಿಸಿದ್ರಿ?”

“ಎರಡ ದಿನ.”

“ಬರೇ ಬಿಸಲಾಗರಿ?”

“ಬೂದಿ ಹಚ್ಚಿದ್ದೆ.”

“ಆಮ್ಯಾಲೆ?”

“ಗಡಿಗ್ಯಾಗ ಹಾಕಿ, ಬೇವಿನ ತಪ್ಪಲ ಹಾಕಿ, ಸಗಣಿ ಮೆತ್ತಿದೆ.”

ಹಿಂದೆ ನಿಂತ ಒಬ್ಬ ಮೆಲ್ಲಗೆ, “ಒಂದೂ ಬಿಟ್ಟಿಲ್ಲ ಬಿಡ್ರಿ” ಎಂದ. ಇಬ್ಬರು ಮೂವರು ನಕ್ಕರು. ಇದೇ ಮಾತುಗಳನ್ನು ನಾನು ಎದುರು ಮನೆಯವಳ ಮುಂದೆ ಸೆರಗು ಸಿಗಿಸಿಕೊಂಡು ಹೇಳಿದ್ದೆ. ಮೊಮ್ಮಗಳ ಕಡೆ ನೋಡಿದೆ. ಅವಳು ತಲೆ ಬಗ್ಗಿಸಿ ಕಾಲಿನ ಜಿಗಣೆ ಬಿಡಿಸುತ್ತಿದ್ದಳು. ಜಿಗಣೆ ಇತ್ತೋ ಇಲ್ಲವೋ.

ಆಮೇಲೆ ಬೀಜ ಹುಡುಕಿದೆವು. ಉದುರಿದ್ದರಲ್ಲಿ ಹೆಚ್ಚಿನವನ್ನು ಏಡಿ ತಿಂದು ಟೊಳ್ಳು ಮಾಡಿದ್ದವು. ಕೆಲವು ಆಗಲೇ ಬೇರು ಬಿಟ್ಟು ಕೆಸರು ಹಿಡಿದಿದ್ದವು, ಅವನ್ನು ಕೀಳಬೇಡಿ ಎಂದರು ಮೇಡಮ್. ನನ್ನ ಸೊಂಟ ಬಗ್ಗುವಷ್ಟು ಬಗ್ಗಿಸಿ, ಎಲೆ ಸರಿಸಿ ಸರಿಸಿ ನೋಡಿದೆ. ಗಟ್ಟಿ ಇದ್ದದ್ದು ಕಂಡರೆ ನಾನು ಎತ್ತಲಿಲ್ಲ, ಹುಡುಗಿಯನ್ನು ಕರೆದು ತೋರಿಸಿದೆ. ಅವಳೇ ಎತ್ತಿ ಡಬ್ಬಿಗೆ ಹಾಕಿಕೊಂಡಳು. ಸಂಜೆಯಾದರೂ, ಮೊದಲ ಸಲ ತಂದದ್ದರ ಕಾಲು ಭಾಗವೂ ಆಗಲಿಲ್ಲ. ಮೇಡಮ್ ಡಬ್ಬಿ ನೋಡಿ, “ಕೆಲಸ ಸಣ್ಣದಾಗ್ತದ. ಆದ್ರೂ ಆಗ್ತದ” ಎಂದರು. ಮೂರು ನಮೂನೆ ನೆರಳಿನಲ್ಲಿ ನೋಡಬೇಕಾದದ್ದನ್ನು ಈಗ ಎರಡರಲ್ಲೇ ಮುಗಿಸಬೇಕಾಯಿತು. ಹುಡುಗಿ “ಹೂಂರಿ” ಎಂದಳು. ಅವಳು ಮೂರನ್ನೂ ಮಾಡಬೇಕೆಂದು ಎಷ್ಟು ಆಸೆ ಇಟ್ಟುಕೊಂಡಿದ್ದಳೆಂದು ಆ ಒಂದು “ಹೂಂ”ನಲ್ಲೇ ತಿಳಿಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಡಬ್ಬಿ ಅವಳ ತೊಡೆಯ ಮೇಲಿತ್ತು. ಅಮೀನಗಡದಲ್ಲಿ ಬಸ್ಸು ನಿಂತಾಗ ನೀರು ತರಲು ಇಳಿದಳು. ಫೋನು, ಪಾಕೀಟು, ಬಟ್ಟೆಯ ಚೀಲ ಎಲ್ಲ ನನ್ನ ಕೈಗೆ ಕೊಟ್ಟಳು. ಡಬ್ಬಿ ಮಾತ್ರ ಹಿಡಿದುಕೊಂಡೇ ಇಳಿದಳು.

ಮನೆಯ ಹಿತ್ತಲಲ್ಲಿ ಹಸಿರು ಬಲೆ ಕಟ್ಟಿದೆವು. ಒಂದು ಕಡೆ ಒಂದು ಪದರು, ಇನ್ನೊಂದು ಕಡೆ ಎರಡು ಪದರು. ಚೀಲಗಳಿಗೆ ಮಣ್ಣು ತುಂಬಿದ್ದು ಸೊಸೆ. ಬೀಜ ಊರಿದ್ದು ಹುಡುಗಿ. ಕೆಲವು ವಾರಗಳಲ್ಲಿ ಮಣ್ಣು ಬಿರಿದು ದಪ್ಪ ಮೊಳಕೆ ಬಂದವು. ಎಲ್ಲವೂ ಅಲ್ಲ, ಅರ್ಧಕ್ಕಿಂತ ಹೆಚ್ಚು. ಅವಳು ಅಳತೆ ಪಟ್ಟಿ ಹಿಡಿದು ಬೆಳಿಗ್ಗೆ ಎದ್ದವಳೇ ಅಲ್ಲಿ ಕೂರುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಬಲೆಯೊಳಗೆ ಹೋಗುತ್ತಿರಲಿಲ್ಲ.

ನಡುವೆ ಅವಳಿಗೆ ಯೂನಿವರ್ಸಿಟಿಗೆ ಹೋಗಿ, ಆದಷ್ಟು ಕೆಲಸವನ್ನು ಎಲ್ಲರ ಮುಂದೆ ಹೇಳಿ ಬರಬೇಕಾಯಿತು. ಎರಡು ಮೂರು ದಿನದ ಮಾತು. ಮಗ, ಸೊಸೆ ಕಳೆ ತೆಗೆಯಲು ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗುತ್ತಿದ್ದರು. ಹೊರಡುವ ಹಿಂದಿನ ಸಂಜೆ ಎದುರು ಮನೆಯವಳನ್ನು ಹಿತ್ತಲಿಗೆ ಕರೆತಂದಳು. ನಾನು ಅಲ್ಲೇ ಕಾಳು ಹಸನು ಮಾಡುತ್ತಿದ್ದೆ.

“ಚಿಗವ್ವಾ, ಮುಂಜಾನಿ ಒಮ್ಮಿ, ಸಂಜಿಮುಂದ ಒಮ್ಮಿ ಈ ಝಾರಿಯಿಂದ ನೀರ ಹಾಕ್ರಿ. ಅಜ್ಜಿಗೆ ಬಗ್ಗಾಕ ಆಗಂಗಿಲ್ಲ, ಸೊಂಟ ನೋಯ್ತೈತಿ.”

ನನ್ನ ಸೊಂಟ ನೋಯುತ್ತಿರಲಿಲ್ಲ. ಎದುರು ಮನೆಯವಳು ನನ್ನ ಕಡೆ ನೋಡಿದಳು. ಚೇಷ್ಟೆಯ ಮಾತಿಗೆ ಬಾಯಿ ತೆಗೆದವಳು ನನ್ನ ಮುಖ ನೋಡಿ ಮುಚ್ಚಿಕೊಂಡಳು. “ಹಾಕ್ತೇನಿ ತಗೋ” ಎಂದಷ್ಟೇ ಹೇಳಿದಳು. ನಾನು ಹಸನು ಮಾಡುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ.

ಮೊದಲ ದಿನ ಬಂದು ಹಾಕಿ ಹೋದಳು. ಎರಡನೆಯ ದಿನ ಅವಳಿಗೆ ಇಳಕಲ್ಲಿನ ಸಾವಕಾರರಿಗೆ ಸೀರೆ ಮುಗಿಸಿ ಕೊಡುವ ಅವಸರ. ಬೆಳಿಗ್ಗೆ ಬರಲಿಲ್ಲ. ಬಿಸಿಲು ಏರಿತು. ಬಾಗಿಲಲ್ಲಿ ನಿಂತು ನೋಡಿದೆ, ಚೀಲದ ಮಣ್ಣು ಬಣ್ಣ ಬಿಡತೊಡಗಿತ್ತು. ಎಲೆ ಇನ್ನೂ ಬಾಡಿರಲಿಲ್ಲ, ಬಾಡುವ ಹಾದಿಯಲ್ಲಿದ್ದವು. ನೀರಿನ ಹಂಡೆ ನನ್ನ ಬಲಗಡೆಗೇ ಇತ್ತು. ಝಾರಿ ಬಲೆಯ ಗೂಟಕ್ಕೆ ತೂಗುಹಾಕಿತ್ತು.

ನಾನು ಅದನ್ನು ಮುಟ್ಟಲಿಲ್ಲ. ಚಪ್ಪಲಿ ಮೆಟ್ಟಿ ಎದುರು ಮನೆಗೆ ಹೋದೆ. ಅವಳು ಮಗ್ಗದ ಕುಣಿಯಲ್ಲಿ ಕೂತಿದ್ದಳು, ಲಾಳಿ ಓಡುತ್ತಿತ್ತು.

“ಏಳು, ನೀರ ಹಾಕ್ಬಾ.”

“ಅಯ್ಯ, ಸೆರಗ ಮುಗ್ಯಾಕ ಬಂದೈತಿ ಯಕ್ಕಾ. ಒಂದ ಝಾರಿ ನೀರ ನೀನ ಹಾಕಿದ್ರ ಆಗಂಗಿಲ್ಲೇನ? ಕೈ ಮುರದಾವೇನ ನಿನ್ನವು?”

“ಮುರದಿಲ್ಲ. ನಿನಗ ಹೇಳಿ ಹೋಗ್ಯಾಳ, ನೀನ ಹಾಕು.”

ಅವಳು ನನ್ನನ್ನು ನೋಡಿದಳು. ಲಾಳಿ ಬದಿಗಿಟ್ಟು ಎದ್ದು ಬಂದಳು. ಅವಳು ಒಂದೊಂದೇ ಚೀಲಕ್ಕೆ ನೀರು ಹಾಕಿ ಮುಗಿಸುವವರೆಗೆ ನಾನು ಬಲೆಯ ಹೊರಗೆ ನಿಂತಿದ್ದೆ.